ನಡುವಿನ ಹೆಸರು

ಬೈಲಹೊಂಗಲ
೯ ನವೆಂಬರ್ ೧೯೭೪

ಕೆಂಪವ್ವಾ,

ಮೇಲೆ ಏನೆಂದು ಬರೆಯಲಿ ಎಂದು ಅರ್ಧ ತಾಸು ಕುಳಿತೆ. ಚಿರಂಜೀವಿ ಎನ್ನೋಣವೆಂದರೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡವನಲ್ಲ. ವಿದುಷಿ ಎನ್ನೋಣವೆಂದರೆ ಸ್ವಂತ ಅಕ್ಕನ ಮಗಳಿಗೆ ಹಾಗೆ ಬರೆಯಲು ಕೈ ಏಳಲಿಲ್ಲ. ಕೊನೆಗೆ ಹೆಸರಷ್ಟೇ ಬರೆದೆ. ನಾನು ನಿಜಗುಣಪ್ಪ, ನಿನ್ನ ತಾಯಿ ಬಾಯವ್ವನ ತಮ್ಮ, ನಿನಗೆ ಸೋದರಮಾವ. ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ. ತಡವಾಯಿತೆಂದು ನನಗೂ ಗೊತ್ತಿದೆ.

ಹೋದ ವಾರ ಸಂಜೆ ನಮ್ಮ ಹತ್ತಿ ಅಂಗಡಿಯಲ್ಲಿ ರೇಡಿಯೋ ಹಚ್ಚಿ ಕುಳಿತಿದ್ದೆವು. ವಚನ ಗಾಯನ ಎಂದರು, ಪುಣೆಯ ಕೆಂಪವ್ವ ಎಂದರು. ನಾನು ಲಕ್ಷ್ಯ ಕೊಡಲಿಲ್ಲ. ಆಮೇಲೆ ಧ್ವನಿ ಎದ್ದಿತು. ನಾನು ರೇಡಿಯೋ ಕಡೆ ತಿರುಗಲಿಲ್ಲ ನೋಡು, ಒಳಕೋಣೆಯ ಕಡೆ ತಿರುಗಿದೆ. ಅಕ್ಕ ಅಲ್ಲಿ ಕುಳಿತು ಹತ್ತಿ ಬಿಡಿಸುತ್ತ ಹಾಡುತ್ತಿದ್ದಳು. ಇಳಿಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು, ಅವುಗಳ ಆಚೆ ಆಕೆ ಕಂಡಳೆಂದೇ ಅನಿಸಿತು. ಆಕೆ ಆ ಕೋಣೆ ಬಿಟ್ಟು ಹೋಗಿ ಮೂವತ್ತೊಂದು ವರ್ಷವಾಯಿತು.

ಅಂಗಡಿಗೆ ಬಂದಿದ್ದ ಸಂಗೊಳ್ಳಿಯ ಗಿರಾಕಿಯೊಬ್ಬ, "ಯಾರ್ರೀ ಈ ಬಾಯಾರು? ಧ್ವನಿ ಕೇಳಿದ್ರ ನಮ್ಮವರ ಇದ್ದಂಗ ಐತಿ" ಎಂದ. ನನ್ನ ಬಾಯಿಂದ ತಾನಾಗಿಯೇ ಬಂತು: "ನಮ್ಮ ಅಕ್ಕನ ಮಗಳರಿ." ಅಂಗಡಿಯಲ್ಲಿದ್ದವರೆಲ್ಲ ಎದ್ದು ನನ್ನ ಕೈ ಹಿಡಿದುಕೊಂಡರು.

ಅಲ್ಲಿಂದ ಸುದ್ದಿ ಊರು ತುಂಬಿತು. ಫೆಬ್ರುವರಿ ಹದಿನಾರಕ್ಕೆ ನಿನಗೊಂದು ಸತ್ಕಾರ ಸಮಾರಂಭ ಇಟ್ಟುಕೊಂಡಿದ್ದೇವೆ. ಸಮಿತಿಗೆ ನಾನೇ ಅಧ್ಯಕ್ಷ. ಮಾನಪತ್ರವನ್ನು ತ್ರ್ಯಂಬಕ ಮಾಸ್ತರರು ಬರೆಯುತ್ತಾರೆ. ನಿನ್ನದೊಂದು ಫೋಟೋ ಕಳಿಸು. ಬೈಲಹೊಂಗಲದ ಮಗಳು ಬೈಲಹೊಂಗಲಕ್ಕೆ ಬರಬೇಕು, ಇಷ್ಟೇ ನನ್ನ ಆಸೆ.

ನಿನ್ನ ಮಾಮಾ,
ನಿಜಗುಣಪ್ಪ


ಪುಣೆ
೨ ಡಿಸೆಂಬರ್ ೧೯೭೪

ಪೂಜ್ಯ ಮಾಮಾ,

ನಿಮ್ಮ ಪತ್ರ ಬಂದಾಗ ತಂಬೂರಿ ಶ್ರುತಿ ಮಾಡುತ್ತಿದ್ದೆ. ಓದಿ ಮತ್ತೆ ತಂಬೂರಿ ಹಿಡಿದರೆ ತಂತಿ ಶ್ರುತಿಗೆ ಸೇರಲೇ ಇಲ್ಲ. ಬೈಲಹೊಂಗಲದ ಮುದ್ರೆ ಬಿದ್ದ ಲಕೋಟೆ ನನ್ನ ಹೆಸರಿಗೆ ಬಂದದ್ದು ಇದೇ ಮೊದಲು. ಮೂರು ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನಗಬೇಡಿ.

ನಿಮ್ಮ ಊರನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಅದು ನಿಜವಾಗಿ ಹಾಗೆ ಇತ್ತೋ ನಾನೇ ಕಟ್ಟಿಕೊಂಡದ್ದೋ ಈಗ ತಿಳಿಯುವುದಿಲ್ಲ. ಬೀದಿಯ ತುಂಬ ಬಿಳಿ ಎಳೆಗಳು ಹಾರುತ್ತಿದ್ದವು. ದೊಡ್ಡ ಬಾಗಿಲು, ಮುಂದೆ ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಯಾರೋ ಕುಳಿತಿದ್ದರು. ಮುಂದಿನದು ಮಸುಕು.

ನನ್ನನ್ನು ಬೈಲಹೊಂಗಲದ ಮಗಳು ಎಂದಿರಿ. ಇಲ್ಲಿಯವರು ಏನೆನ್ನುತ್ತಾರೆ ಕೇಳಿ, ಮಜಾ ಇದೆ. ಎರಡು ವರ್ಷದ ಹಿಂದೆ ನನಗೆ ಇಲ್ಲಿ ಪದಕ ಬಂದಾಗ ಪತ್ರಿಕೆಯೊಂದು "ಕರ್ನಾಟಕದ ಕನ್ಯೆ" ಎಂದು ಬರೆಯಿತು. ಹೋದ ವರ್ಷ ಮುಂಬಯಿಯ ಕಛೇರಿಯಲ್ಲಿ ನೆಗಡಿಯಾಗಿ ತಾರಸ್ಥಾಯಿ ಒಡೆಯಿತು. ಅದೇ ಪತ್ರಿಕೆ "ಹಬಶಿ ಗಾಯಕಿಯ ಒರಟು ಕಂಠ" ಎಂದು ಬರೆಯಿತು. ಗೆದ್ದ ದಿನ ಅವ್ವನ ಕಡೆಯವಳು, ಸೋತ ದಿನ ಆಫ್ರಿಕ ಮೂಲದ ಅಪ್ಪನ ಕಡೆಯವಳು. ಇನ್ನೊಬ್ಬ ರಸಿಕರು ಮನೆಗೇ ಬಂದು, ನಿಮ್ಮ ಭಾವ ತಾಯಿಯ ರಕ್ತದ್ದು, ಲಯ ತಂದೆಯ ರಕ್ತದ್ದು ಎಂದು ವಿವರಿಸಿ ಚಹಾ ಕುಡಿದು ಹೋದರು. ರಾಮದುರ್ಗದ ಲೀಲಾಬಾಯಿಯವರು ಹನ್ನೊಂದು ವರ್ಷ ನನ್ನನ್ನು ಮನೆಯಲ್ಲಿಟ್ಟುಕೊಂಡು, ಮೊಣಕಾಲಿನ ಮೇಲೆ ಬಡಿದು ಬಡಿದು ತಾಳ ಕಲಿಸಿದರು. ರಕ್ತದಲ್ಲಿಯೇ ಇದ್ದಿದ್ದರೆ ಅಷ್ಟು ಪೆಟ್ಟು ಯಾಕೆ ತಿನ್ನುತ್ತಿದ್ದೆ?

ಬರುತ್ತೇನೆ ಮಾಮಾ. ಖುಷಿಯಿಂದ ಬರುತ್ತೇನೆ. ಅಪ್ಪನಿಗೂ ಒಂದು ಆಮಂತ್ರಣ ಕಳಿಸಿ. ಕಿತ್ತೂರಿನ ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಗೆ "ಪರಸಪ್ಪ ಸಿದ್ದಿ" ಎಂದು ಬರೆದು ಹಾಕಿದರೆ ಕಾಡಂಚಿನ ನಮ್ಮ ವಸತಿಗೆ ಮುಟ್ಟುತ್ತದೆ. ಫೋಟೋ ಇದರ ಜೊತೆಗಿದೆ.

ನಿಮ್ಮ
ಕೆಂಪವ್ವ


ಬೈಲಹೊಂಗಲ
೨೦ ಡಿಸೆಂಬರ್ ೧೯೭೪

ಮಗಳೇ,

ನೀನು ಬರುತ್ತೀ ಎಂದು ತಿಳಿದು ನಿನ್ನ ಅತ್ತೆ ಚನ್ನವ್ವ ಈಗಲೇ ಸೀರೆ ಆರಿಸುತ್ತಿದ್ದಾಳೆ. ನನ್ನ ಮಗಳು ಪದ್ಮವ್ವ ನಿನ್ನ ಹಾಡು ಕೇಳಲೆಂದು ರೇಡಿಯೋದ ಮುಂದಿನ ಜಾಗ ಬಿಟ್ಟು ಏಳುವುದಿಲ್ಲ. ಆಕೆಗೆ ಸವದತ್ತಿಯಿಂದ ಒಂದು ಒಳ್ಳೆಯ ಸಂಬಂಧ ಬಂದಿದೆ. ಆ ಬೀಗರೂ ಸಮಾರಂಭಕ್ಕೆ ಬರುವವರಿದ್ದಾರೆ.

ನಿನ್ನ ಫೋಟೋ ಸಿಕ್ಕಿತು. ಪುಣೆಯ ಸ್ಟುಡಿಯೋದವರಿಗೆ ಬೆಳಕಿನ ಅಂದಾಜೇ ಇಲ್ಲ, ಬಹಳ ಕಪ್ಪಾಗಿ ತೆಗೆದಿದ್ದಾರೆ. ನಮ್ಮ ಸ್ಟುಡಿಯೋದ ಕೃಷ್ಣಾಜಿ ಕೈಗೆ ಕೊಟ್ಟೆ. ಆತ ಬ್ರಶ್ ಹಿಡಿದು ಮುಖಕ್ಕೆ ಸ್ವಲ್ಪ ಕಳೆ ತಂದಿದ್ದಾನೆ. ಕೂದಲನ್ನೂ ತುಸು ಒಪ್ಪ ಮಾಡಿದ್ದಾನೆ. ನೋಡಿದವರೆಲ್ಲ ನಮ್ಮ ಮನೆಯ ಕಳೆ ಇದೆ ಎನ್ನುತ್ತಾರೆ.

ಆಮಂತ್ರಣ ಪತ್ರಿಕೆಯ ಮಾದರಿ ಅಚ್ಚು ಕಳಿಸಿದ್ದೇನೆ, ನೋಡಿ ಒಪ್ಪಿಗೆ ಬರೆ. ನಮ್ಮ ಕಡೆ ಪದ್ಧತಿ ನಿನಗೆ ಗೊತ್ತು. ಮೊದಲು ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಮೂರೂ ಇಲ್ಲದಿದ್ದರೆ ಹೆಸರು ಬರಿದು ಕಾಣುತ್ತದೆ. ಹಾಗಾಗಿ "ಕುಮಾರಿ ಕೆಂಪವ್ವ ಮಡಿವಾಳೆಪ್ಪ ಬೆಳವಡಿ" ಎಂದು ಹಾಕಿಸಿದೆ. ನಮ್ಮ ಅಪ್ಪನ ಹೆಸರು ನಿನಗೆ ಬಂತೆಂದು ನನಗೆ ಎಷ್ಟೋ ಸಮಾಧಾನ.

ನಿಮ್ಮ ತಂದೆಯವರ ವಿಷಯ ಸಾವಕಾಶವಾಗಿ ಮಾತನಾಡೋಣ. ಚಳಿ ಬಹಳ ಇದೆ, ಗಂಟಲು ಜೋಪಾನ.

ನಿನ್ನ ಮಾಮಾ


ಪುಣೆ
೫ ಜನವರಿ ೧೯೭೫

ಪ್ರೀತಿಯ ಅಣ್ಣನಿಗೆ,

ಹೌದು, ಅಣ್ಣ ಎಂದೇ ಬರೆದಿದ್ದೇನೆ. ನಿಮ್ಮ ಪತ್ರಿಕೆಯ ಪ್ರಕಾರ ನಾನು ಮಡಿವಾಳೆಪ್ಪನವರ ಮಗಳು. ಅಂದರೆ ನಿಮ್ಮ ತಂಗಿ. ಅವ್ವ ನನಗೆ ಅಕ್ಕನಾದಳು. ಅಪ್ಪ ಅಕ್ಕನ ಗಂಡ, ಮಾವ. ಅಜ್ಜನ ಹೆಸರನ್ನು ನಡುವೆ ಕೂರಿಸುವ ಗಡಿಬಿಡಿಯಲ್ಲಿ ನನ್ನ ತಾಯಿಯನ್ನೂ ಕಸಿದುಕೊಂಡಿರಿ. ಇದನ್ನು ಓದಿ ಒಂದು ತಾಸು ನಕ್ಕೆ. ಆಮೇಲೆ ಅತ್ತುಬಿಟ್ಟೆ. ಅದನ್ನೂ ಬರೆಯದೆ ಇರಲಾರೆ.

ಮುಂದಿನದು ಮಸುಕು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಸುಳ್ಳು. ನನಗೆ ಆಗ ಎಂಟು ವರ್ಷ. ಅವ್ವ ತೀರಿ ಎರಡು ತಿಂಗಳಾಗಿತ್ತು. ಅಜ್ಜನ ಮನೆಯಲ್ಲಿದ್ದು ಶಾಲೆ ಕಲಿಯಲಿ ಎಂದು ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಕಟ್ಟೆಯ ಮೇಲೆ ಕುಳಿತಿದ್ದವರು ನೀವು. "ಇಲ್ಲಿ ಜಾಗಾ ಇಲ್ಲ. ಸಾಲ್ಯಾಗ ಸಿದ್ದಿ ಅಂತ ಬರಸಿ ಹೋಗು" ಎಂದಿರಿ. ಗಾಳಿಗೆ ಹಾರಿ ಬಂದ ಹತ್ತಿ ನಿಮ್ಮ ತಲೆಯ ಮೇಲೆ ನಿಲ್ಲಲಿಲ್ಲ. ನನ್ನ ಗುಂಗುರು ಕೂದಲಿನಲ್ಲಿ ನಿಂತುಬಿಟ್ಟಿತು. ಬೈಲಹೊಂಗಲ ಇಷ್ಟಾದರೂ ಕೊಟ್ಟಿತೆಂದು ಕಿತ್ತೂರಿನವರೆಗೂ ತಲೆ ಮುಟ್ಟಿಕೊಳ್ಳುತ್ತ ಹೋದೆ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಯಾವಾಗಲೋ ಹಾಡಿ ಹಾಡಿ ಸವೆದಿದೆ.

ಇತ್ತೀಚೆಗೆ ಒಂದು ಕನಸು ಬೀಳುತ್ತದೆ. ನಾನು ಎರಡು ತಂಬೂರಿಗಳ ನಡುವೆ ಹಾಡಲು ಕುಳಿತಿರುತ್ತೇನೆ. ಒಂದನ್ನು ಅವ್ವ ಮೀಟುತ್ತಿರುತ್ತಾಳೆ, ಒಂದನ್ನು ಅಪ್ಪ. ಯಾರೋ ಬಂದು ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ಯಾವುದನ್ನು ಎಂದು ತಿರುಗಿ ನೋಡುವಷ್ಟರಲ್ಲಿ ಎಚ್ಚರವಾಗುತ್ತದೆ.

ನಿಮಗೆ ಹೇಳದೆ ಇದ್ದ ಇನ್ನೊಂದು ಮಾತಿದೆ. ಅಪ್ಪನಿಗೆ ಕಿವಿ ಹೋಗುತ್ತಿದೆ. ಬಲಗಿವಿ ಪೂರ್ತಿ ಮುಗಿದಿದೆ. ಎಡಗಿವಿಯೂ ವರ್ಷದೊಳಗೆ ಹೋಗುತ್ತದೆ ಎಂದರು ಡಾಕ್ಟರರು. ಆ ಊರಿನಲ್ಲಿ, ನಿಮ್ಮವರ ಬಾಯಿಂದ, ನನ್ನ ಹೆಸರಿನ ನಡುವೆ ಅವರ ಹೆಸರನ್ನು ಒಮ್ಮೆ ಅವರು ಕೇಳಬೇಕು. ಮುಂದಿನ ವರ್ಷ ನೀವು ಮನಸ್ಸು ಮಾಡಿದರೂ ಕೇಳಿಸುವುದಿಲ್ಲ. ಸತ್ಕಾರಕ್ಕೆ ಒಪ್ಪಿದ್ದೇ ಅದಕ್ಕಾಗಿ. ಹೆಸರು ಹೀಗಿರಲಿ: ಕೆಂಪವ್ವ ಪರಸಪ್ಪ ಸಿದ್ದಿ, ತಾಯಿ ಬಾಯವ್ವ, ಬೈಲಹೊಂಗಲದ ಮಡಿವಾಳೆಪ್ಪ ಬೆಳವಡಿಯವರ ಮಗಳು. ಉದ್ದವಾಯಿತು. ಆದರೆ ನಾನು ಇರುವುದೇ ಅಷ್ಟುದ್ದ.

ಕೆಂಪವ್ವ


ಬೈಲಹೊಂಗಲ
೧೩ ಜನವರಿ ೧೯೭೫

ಕೆಂಪವ್ವಾ,

ಕಟ್ಟೆಯ ಮೇಲಿದ್ದವನು ನಾನೇ. ನಿನಗೆ ನೆನಪಿರಲಾರದು ಎಂದುಕೊಂಡಿದ್ದೆ. ನೆನಪಿರದಿರಲಿ ಎಂದು ಆಸೆಪಟ್ಟಿದ್ದೆ ಎಂದರೂ ಸರಿಯೇ.

ಪರಸಪ್ಪ ನಮ್ಮ ಹತ್ತಿಯ ಬಂಡಿ ಹೊಡೆಯುತ್ತಿದ್ದ. ಅವನ ಜೊತೆ ಅಕ್ಕ ಹೋದ ದಿನ ಅಪ್ಪ ಮನೆಮಂದಿಗೆಲ್ಲ ತಲೆಯ ಮೇಲೆ ನೀರು ಹಾಕಿಕೊಳ್ಳಿ, ಆಕೆ ಸತ್ತಳು ಎಂದರು. ನಾನು ಹತ್ತೊಂಬತ್ತು ವರ್ಷದವನು, ಹಾಕಿಕೊಂಡೆ. ನಿಜವಾಗಿ ಆಕೆ ಸತ್ತಾಗ ಯಾರೂ ಹಾಕಿಕೊಳ್ಳಲಿಲ್ಲ.

ನಿನ್ನ ಮಾತನ್ನು ಸಮಿತಿಯ ಮುಂದೆ ಇಟ್ಟೆ. ಒಬ್ಬೊಬ್ಬರೂ ತಲೆ ಕೆರೆದುಕೊಂಡರು. "ಹುಡುಗಿ ನಮ್ಮಾಕಿ ಅಂತ ನಾವು ಅನ್ನಾಕತ್ತೇವಿ, ನೀವು ನಡುವ ಸಿದ್ದಿ ತಂದ್ರ ಹೆಂಗರಿ?" ಎಂದರು. ತ್ರ್ಯಂಬಕ ಮಾಸ್ತರರು ಒಬ್ಬರೇ, "ಆಕಿ ಹೆಸರು ಆಕಿ ಹೇಳ್ಯಾಳ. ನಾವ್ಯಾರು ತಿದ್ದಲಿಕ್ಕೆ?" ಎಂದರು. ಅವರ ಮಾತು ಅಲ್ಲಿಗೇ ನಿಂತಿತು.

ಮುಚ್ಚುಮರೆ ಯಾಕೆ, ನನಗೆ ಸಮಿತಿಯ ಭಯವಿಲ್ಲ. ಸವದತ್ತಿಯ ಬೀಗರ ಭಯ. ಅಕ್ಕನ ಕಥೆ ಅವರಿಗೆ ಗೊತ್ತಿಲ್ಲ. ರೇಡಿಯೋದ ಕೆಂಪವ್ವ ನಮ್ಮವಳು ಎಂದಷ್ಟೇ ಹೇಳಿದ್ದೇನೆ. ಅದನ್ನು ಕೇಳಿಯೇ ಅವರು ಖುಷಿಪಟ್ಟು ಮಾತುಕತೆಗೆ ಕುಳಿತದ್ದು. ಪೂರ್ತಿ ಹೆಸರು ಅಚ್ಚಾದರೆ ಪದ್ಮವ್ವನ ಮದುವೆ ಮುರಿಯುತ್ತದೆ. ಒಬ್ಬಳೇ ಮಗಳು ನನಗೆ.

ಒಂದು ದಾರಿ ಇದೆ. ಬರೀ "ಕೆಂಪವ್ವ, ಬೈಲಹೊಂಗಲ" ಎಂದು ಹಾಕೋಣ. ಯಾರ ಹೆಸರೂ ಬೇಡ. ನಿಮ್ಮ ತಂದೆಯವರು ಬಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳಲಿ, ನಾನು ಕುರ್ಚಿ ಹಾಕಿಸುತ್ತೇನೆ. ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗುವುದಿಲ್ಲ ಮಗಳೇ.

ನಿಜಗುಣಪ್ಪ


ಕಿತ್ತೂರಿನ ಹತ್ತಿರ, ಅಪ್ಪನ ವಸತಿ
೨೪ ಜನವರಿ ೧೯೭೫

ಮಾಮಾ,

ನಾನು ಪುಣೆಯಲ್ಲಿದ್ದೇನೆಂದು ನೀವು ತಿಳಿದಿರುತ್ತೀರಿ. ನಿಮ್ಮ ಪತ್ರ ಮುಟ್ಟಿದ ಮರುದಿನವೇ ರೈಲು ಹತ್ತಿದೆ. ಬೆಳಗಾವಿಯಿಂದ ಬಸ್ಸಿನಲ್ಲಿ ಇಲ್ಲಿಗೆ ಬಂದು ಐದು ದಿನವಾಯಿತು. ನಿಮ್ಮ ಊರಿಗೂ ನನಗೂ ನಡುವೆ ಒಂದು ಬಸ್ಸಿನ ದಾರಿ ಮಾತ್ರ ಇದೆ. ಆದರೂ ಬರಲಿಲ್ಲ.

ಇಲ್ಲಿ ಮುಂಜಾನೆ ಮಂಜು ಬಿದ್ದಾಗ ಗುಡಿಸಲುಗಳು ಕಾಣುವುದಿಲ್ಲ, ಕೆಮ್ಮು ಕೇಳಿ ಯಾರ ಮನೆ ಎಂದು ತಿಳಿಯಬೇಕು. ಮಕ್ಕಳ ಕೂದಲಲ್ಲಿ ನೀರಹನಿ ನಿಂತಿರುತ್ತದೆ. ಸಂಜೆ ಹಿರಿಯರು ನಮ್ಮ ಡೋಲು ಡಮಾಮಿಯನ್ನು ಬಾರಿಸುತ್ತಾರೆ. ಅಪ್ಪ ಈಗ ಬಾರಿಸುವುದಿಲ್ಲ, ಹತ್ತಿರ ಕುಳಿತು ಅದರ ಮೈಗೆ ಅಂಗೈ ಹಚ್ಚಿ ಕಣ್ಣು ಮುಚ್ಚುತ್ತಾರೆ. ನಾನು ಪಕ್ಕದಲ್ಲಿ ಕುಳಿತು ಸಣ್ಣಗೆ ಹಾಡುತ್ತೇನೆ. ಕೇಳಿಸುತ್ತದೋ ಇಲ್ಲವೋ, ತಲೆ ತೂಗುತ್ತಾರೆ.

ನಿಮ್ಮ ಸಮಿತಿಯಂತೆ ಇಲ್ಲಿಯೂ ಒಂದು ಸಮಿತಿ ಇದೆ. ಇಲ್ಲಿಯ ತರುಣರು ನಿನ್ನೆ ಬಂದು, "ಅಕ್ಕಾ, ಪೇಪರಿನವರಿಗೆ ಬರೇ ಸಿದ್ದಿ ಅಂತ ಹೇಳು. ನಿಮ್ಮವ್ವನ ಕಡೆಯವ್ರು ನಿನಗೇನ್ ಮಾಡ್ಯಾರ?" ಎಂದರು. ಅಲ್ಲಿ ಅಪ್ಪನನ್ನು ಕತ್ತರಿಸಿ ಎನ್ನುತ್ತಾರೆ, ಇಲ್ಲಿ ಅವ್ವನನ್ನು. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಾರೆ.

ಪದ್ಮವ್ವನ ಮದುವೆ ನನ್ನಿಂದ ಮುರಿಯುವುದು ಬೇಡ. ಆಕೆಯನ್ನು ನಾನು ನೋಡಿಲ್ಲ, ಆದರೆ ರೇಡಿಯೋದ ಮುಂದೆ ಕೂರುತ್ತಾಳೆ ಎಂದು ಓದಿದಾಗಿನಿಂದ ನನಗೊಬ್ಬ ತಂಗಿ ಇದ್ದಾಳೆ ಎಂದುಕೊಂಡಿದ್ದೇನೆ. ಸತ್ಕಾರ ಬೇಡ ಮಾಮಾ. ಕೆಂಪವ್ವನಿಗೆ ಗಂಟಲು ಕೆಟ್ಟಿದೆ ಎಂದು ಊರಿಗೆ ಹೇಳಿಬಿಡಿ. ಅರ್ಧ ಹೆಸರಿನಿಂದ ಹಾಡಲು ನನಗೆ ಆಗುವುದಿಲ್ಲ.

ಒಂದು ಕೆಲಸ ಮಾತ್ರ ಮಾಡಿ. ಈ ಪತ್ರ ತರುವವರು ಅಪ್ಪ. ನಾಳೆ ಕಿವಿಯ ಔಷಧಕ್ಕೆಂದು ಬೈಲಹೊಂಗಲಕ್ಕೆ ಬರುತ್ತಾರೆ. ಅವರಿಗೆ ಓದಲು ಬರುವುದಿಲ್ಲ, ಇದರಲ್ಲಿ ಏನಿದೆ ಎಂದು ನಾನು ಹೇಳಿಲ್ಲ. ಇದರ ಜೊತೆಗಿನ ಇನ್ನೊಂದು ಹಾಳೆಯಲ್ಲಿ ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ಅದನ್ನು ಅವರಿಗೆ ಓದಿ ಹೇಳಿ. ಎಡಗಡೆ ಕುಳಿತು ಸ್ವಲ್ಪ ಜೋರಾಗಿ ಓದಿ. ಬೇಕಾದರೆ ಒಳಗೆ ಕರೆದು ಬಾಗಿಲು ಹಾಕಿಕೊಂಡು ಓದಿದರೂ ಸಾಕು.

ಕೆಂಪವ್ವ


ಬೈಲಹೊಂಗಲ
೨೫ ಜನವರಿ ೧೯೭೫, ಮಧ್ಯಾಹ್ನ

ಮಗಳೇ,

ಫೆಬ್ರುವರಿ ಹದಿನಾರಕ್ಕೆ ನೀನು ಬರುತ್ತಿದ್ದೀ. ಗಂಟಲು ಕೆಟ್ಟಿದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಮಂತ್ರಣ ಪತ್ರಿಕೆ ಹೊಸದಾಗಿ ಅಚ್ಚಾಗುತ್ತದೆ, ನೀನು ಬರೆದಷ್ಟೂ ಉದ್ದಕ್ಕೆ. ಕೃಷ್ಣಾಜಿಯ ಫೋಟೋ ಬಿಟ್ಟು ನೀನು ಕಳಿಸಿದ್ದನ್ನೇ ಹಾಕಿಸುತ್ತೇನೆ. ಸಮಿತಿಯಲ್ಲಿ ಎಷ್ಟು ಜನ ಉಳಿಯುತ್ತಾರೋ ಗೊತ್ತಿಲ್ಲ. ತ್ರ್ಯಂಬಕ ಮಾಸ್ತರರು ಉಳಿಯುತ್ತಾರೆ. ಸಭಾಭವನ ಕೊಡದಿದ್ದರೆ ನಮ್ಮ ಹತ್ತಿಯ ವಖಾರದಲ್ಲಿ ಜಮಖಾನೆ ಹಾಸುತ್ತೇನೆ.

ಸವದತ್ತಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಬೀಗರು ಏನೆನ್ನುತ್ತಾರೋ ಅನ್ನಲಿ ಎಂದು ಬರೆಯುವ ಧೈರ್ಯ ನನಗಿಲ್ಲ, ಹೆದರಿಕೆ ಇದ್ದೇ ಇದೆ. ಪದ್ಮವ್ವನನ್ನು ಕೇಳಿದೆ. "ಇಷ್ಟು ಕೇಳಿ ಬ್ಯಾಡ ಅನ್ನೋರಾದ್ರ, ಮುಂದ ನನ್ನ ಹೆಂಗ ನೋಡ್ಕೋತಾರಪ್ಪಾ?" ಎಂದಳು. ಈಗ ನಿಮ್ಮಪ್ಪನ ತಾಟಿಗೆ ರೊಟ್ಟಿ ಬಡಿಸುತ್ತಿದ್ದಾಳೆ. ಅವರು ಊಟ ಮುಗಿಸುವಷ್ಟರಲ್ಲಿ ಇದನ್ನು ಬರೆದು ಅವರ ಕೈಯಲ್ಲಿಯೇ ಕಳಿಸುತ್ತೇನೆ. ಅದಕ್ಕೇ ಅಕ್ಷರ ಓಡುತ್ತಿವೆ.

ನಡೆದದ್ದು ಇಷ್ಟು. ಹತ್ತು ಗಂಟೆಗೆ ಬಂದರು. ಬೀದಿಯಲ್ಲಿಯೇ ನಿಂತು, ಚಪ್ಪಲಿ ಬಿಟ್ಟು, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಕಟ್ಟೆಯ ಮೇಲೆ ಕುಳಿತೇ ನಿನ್ನ ಪತ್ರ ಓದಿದೆ. ಓದಿ ಮುಗಿಸಿ ತಲೆ ಎತ್ತಿದರೆ ಅವರು ಅಲ್ಲಿಯೇ ಬಿಸಿಲಿನಲ್ಲಿ ನಿಂತಿದ್ದರು, ಇಪ್ಪತ್ತಮೂರು ವರ್ಷದಿಂದ ಹಾಗೆಯೇ ನಿಂತಿದ್ದಾರೆ ಎನಿಸಿತು. ಇಳಿದು ಹೋಗಿ ಕೈ ಹಿಡಿದೆ. "ಮಾವಾ, ಮ್ಯಾಲೆ ಬರ್ರಿ" ಎಂದೆ. ಅಕ್ಕನ ಗಂಡನನ್ನು ಮತ್ತೇನೆಂದು ಕರೆಯುವುದು? ಅವರು ಅಂಜಿಕೊಂಡೇ ಕಟ್ಟೆಯ ತುದಿಯಲ್ಲಿ ಕುಳಿತರು.

ಒಳಗೆ ಕರೆದೊಯ್ಯಬಹುದಿತ್ತು. ನೀನೇ ಹೇಳಿದ್ದೆ. ಆದರೆ ಅಂದು ನಾನು ಆಡಿದ ಮಾತಿಗೆ ಬಾಗಿಲು ಹಾಕಿರಲಿಲ್ಲ.

ಅವರ ಎಡಗಡೆ ಕುಳಿತು ಓದಿದೆ. "ಕೆಂಪವ್ವ ಪರಸಪ್ಪ ಸಿದ್ದಿ. ತಾಯಿ ಬಾಯವ್ವ, ಬೈಲಹೊಂಗಲದ ಮಡಿವಾಳೆಪ್ಪ ಬೆಳವಡಿಯವರ ಮಗಳು." ಅವರು ನನ್ನ ಮುಖವನ್ನೇ ನೋಡುತ್ತ ಸುಮ್ಮನಿದ್ದರು. ಕೇಳಿಸಲಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಓದಿದೆ. ಎದುರು ಮನೆಯವರು ಹೊರಗೆ ಬಂದರು. ಅಂಗಡಿಯ ಗಿರಾಕಿಗಳು ಇತ್ತ ತಿರುಗಿದರು. ಮಾವ ಅಲುಗಲಿಲ್ಲ. ನನಗೆ ಅಳು ಬಂತು ಕೆಂಪವ್ವಾ. ತಡಮಾಡಿಬಿಟ್ಟೆ, ಆ ಕಿವಿ ಮುಗಿದೇ ಹೋಗಿದೆ ಎನಿಸಿತು. ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಮೂರನೆಯ ಸಲ ಕೂಗಿದೆ. ಆ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

"ಮಾವಾ, ಈಗರೆ ಕೇಳಿಸ್ತರಿ?" ಎಂದೆ.

ಅವರು ಟವೆಲಿನಿಂದ ಕಣ್ಣು ಒರೆಸಿಕೊಂಡು ನನ್ನ ಮೊಣಕೈ ಹಿಡಿದು ಕೂರಿಸಿದರು.

"ಮೊದಲನೇ ಸಲಾನ ಕೇಳಿತ್ತರಿ. ಈ ಮನಿಯವರ ಬಾಯಾಗ ಇನ್ನೊಮ್ಮೆ ಕೇಳೂಣು ಅನಿಸ್ತು. ಅದಕ್ಕ ಸುಮ್ಮ ಕುಂತೆ."

ನಿನ್ನ ಮಾಮಾ,
ನಿಜಗುಣಪ್ಪ